ನಮ್ಮ ಕಪಿಲೆ ಬಾವಿಗೆ ಬಾರದ ಉಬ್ಬರ

ನೀವೆಲ್ಲ ನನಗಿಂತ ಹೆಚ್ಚು ಓದಿದವರು, ಒಪ್ಪಿದೆ. ಹಾಗಾದರೆ ಇದಕ್ಕೆ ಉತ್ತರ ಹೇಳಿ ನೋಡೋಣ. ಚಂದ್ರ ಇರುವುದು ಒಬ್ಬನೇ, ನಿಲ್ಲುವುದೂ ಒಂದೇ ಕಡೆ. ಸಮುದ್ರದ ನೀರನ್ನು ಎಳೆಯುವವನು ಅವನೇ ಆದರೆ ನೀರು ಅವನಿರುವ ಕಡೆ ಮಾತ್ರ ಉಬ್ಬಬೇಕಲ್ಲ, ದಿನಕ್ಕೆ ಎರಡು ಸಲ ಯಾಕೆ ಉಬ್ಬುತ್ತದೆ? ಫೋನಿನಲ್ಲಿ ಹುಡುಕಬೇಡಿ. ನಾನೂ ಇದನ್ನು ಫೋನಿನಲ್ಲೇ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿರುವುದು. ಅದರೊಳಗೆ ಏನೇನು ಸಿಗುತ್ತದೆ ಎಂದು ಮೊಮ್ಮಗಳು ತೋರಿಸಿಕೊಟ್ಟಿದ್ದಾಳೆ.

ಬರಲಿಲ್ಲವೇ? ಹೋಗಲಿ ಬಿಡಿ. ಒಂದು ಕಾಲಕ್ಕೆ ನನಗೂ ಬರಲಿಲ್ಲ. ಅದರಿಂದ ನನ್ನ ಪರೀಕ್ಷೆಯೇ ತಪ್ಪಿಹೋಗುವುದರಲ್ಲಿತ್ತು.

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ನಂದಗುಡಿ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಬೇರೆಲ್ಲ ದಾಟಿ ಸಮಾಜ ವಿಷಯದಲ್ಲಿ ಮುಗ್ಗರಿಸಿದ್ದೆ. ಚರಿತ್ರೆ, ಭೂಗೋಳ ಎಲ್ಲ ಅದರೊಳಗೇ ಇತ್ತು. ಫಲಿತಾಂಶದ ಹಿಂದೆಯೇ ಗಂಡಿನ ಕಡೆಯವರು ಬಂದರು, ಮದುವೆಯೂ ಆಯಿತು. ಸೀರೆಗಳ ಕೆಳಗೆ ಆ ಪುಸ್ತಕವನ್ನೂ ಟ್ರಂಕಿನಲ್ಲಿಟ್ಟುಕೊಂಡು ಬಂದಿದ್ದೆ. ಇನ್ನೊಂದು ಸಲ ಕೂತು ಪಾಸಾದರೆ ಟೀಚರ್ ಟ್ರೈನಿಂಗಿಗೆ ಹೋಗಬಹುದು ಎನ್ನುವುದೊಂದೇ ನನ್ನ ಆಸೆ. ನಮ್ಮನೆಯವರನ್ನು ಕೇಳಿದರೆ, "ನಂದೇನಿಲ್ಲ, ಅಪ್ಪ ಹೂಂ ಅಂದ್ರೆ ಆಯ್ತು" ಎಂದರು. ಆ ಮನೆಯಲ್ಲಿ ಎತ್ತು ಮಾರುವುದರಿಂದ ಹಿಡಿದು ಹಿತ್ತಲ ಅವರೆ ಬಿಡಿಸುವುದರ ತನಕ ಮಾವನವರ ಹೂಂ ಬೇಕು.

ಮಾವ ಸಂಜೆ ಜಗಲಿಯಲ್ಲಿ ಕೂತು ಕತ್ತಾಳೆ ನಾರಿನಲ್ಲಿ ಹಗ್ಗ ಹೊಸೆಯುತ್ತಿದ್ದರು. ನಾನು ಒಳಗೆ ಒಲೆ ಮುಂದೆ, ಮುದ್ದೆಗೆ ಎಸರು ಕುದಿಯುವಷ್ಟು ಹೊತ್ತು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಜೋರಾಗಿ ಒದರುತ್ತಿದ್ದೆ. 'ಚಂದ್ರನ ಆಕರ್ಷಣೆಯಿಂದ ಸಮುದ್ರದ ನೀರು ಏರಿ ಇಳಿಯುತ್ತದೆ.' ಹಾಗೆ ಒದರಿದ್ದು ಬೇಕೆಂದೇ, ಮಾವನ ಕಿವಿಗೆ ಬೀಳಲಿ ಎಂದೇ. ಒಂದು ಸಂಜೆ ಬಿತ್ತು.

"ಏನಮ್ಮಾ ಅದು? ಇನ್ನೊಂದ್ಸಲ ಓದು."

ಓದಿದೆ.

"ಅಷ್ಟ್ ದೊಡ್ಡ ಸಮುದ್ರ ಎಳಿಯೋ ಚಂದ್ರ ನನ್ನ ಬಾವಿ ನೀರು ಯಾಕ್ ಎಳಿಯಲ್ಲ? ಎಳೆದಿದ್ರೆ ಎತ್ತುಗಳ್ಗೆ ಈ ಪಾಡ್ ಇರ್ತಿತ್ತಾ?"

ನಾನು ಪುಟ ಹಿಂದೆ ಮುಂದೆ ತಿರುವಿದೆ. ಅತ್ತೆ ಅಕ್ಕಿ ಆರಿಸುತ್ತಾ ನಕ್ಕರು.

"ಪರೀಕ್ಷೆ ಬರೀಬೇಕು ಅಂತಿದ್ದೀಯಂತೆ," ಎಂದರು ಮಾವ. "ಇದಕ್ಕೆ ನನಗೆ ತಿಳಿಯಂಗೆ ಉತ್ತರ ಹೇಳು, ಹೊಸ್ಕೋಟೆಗೆ ನಾನೇ ಕರ್ಕೊಂಡೋಗಿ ಕೂರಿಸ್ತೀನಿ. ತಿಳೀದೆ ಬಾಯಿಪಾಠ ಒಪ್ಸೋದಾದ್ರೆ ಇಲ್ಲೇ ಎಮ್ಮೆ ಮುಂದೆ ಒಪ್ಸು. ಬಸ್ಸಿನ ದುಡ್ಡಾದ್ರೂ ಉಳೀಲಿ."

ನನಗೆ ಕೋಪ ಬಂತು. ಆದರೆ ಹೋದ ವರ್ಷ ನಾನು ಮುಗ್ಗರಿಸಿದ್ದು ಬಾಯಿಪಾಠ ಮಾಡಿಯೇ. ಒಂದು ಸಾಲು ಮರೆತಿದ್ದೇ ತಡ, ಮುಂದಿನದೆಲ್ಲ ಹೊಳೆಗೆ ಹೋಗಿತ್ತು.

ನಮ್ಮದು ಕಪಿಲೆ ಬಾವಿ. ಪಂಪ್‌ಸೆಟ್ ಇನ್ನೂ ನಮ್ಮ ಹೊಲದ ತನಕ ಬಂದಿರಲಿಲ್ಲ. ಎರಡೆತ್ತು ಇಳಿಜಾರಿನಲ್ಲಿ ಹಗ್ಗ ಎಳೆಯುತ್ತಾ ಕೆಳಗಿಳಿದರೆ ದೊಡ್ಡ ಚರ್ಮದ ಚೀಲದಲ್ಲಿ ನೀರು ಮೇಲೆ ಬಂದು ಕಾಲುವೆಗೆ ಸುರಿಯುತ್ತಿತ್ತು. ಬೇಸಿಗೆಯಲ್ಲಿ ತರಕಾರಿ ಮಡಿಗಳಿಗೆ ದಿನವೂ ಕಪಿಲೆ ಹೊಡೆಯಲೇಬೇಕು. ಎತ್ತಿಗೆ ಬಿಡುವು ಅಮಾವಾಸ್ಯೆಗೆ ಮಾತ್ರ. ಅವತ್ತು ನಮ್ಮ ಕಡೆ ಯಾರೂ ನೊಗ ಹೂಡುವುದಿಲ್ಲ. ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಹುಲ್ಲು ಹಾಕಿ ಬಿಟ್ಟುಬಿಡುತ್ತಿದ್ದರು.

ಅಮಾವಾಸ್ಯೆಯ ಮಾರನೆ ಬೆಳಿಗ್ಗೆ ಅತ್ತೆಯ ಜೊತೆ ನೀರಿಗೆ ಹೋದೆ. ಬಾವಿಯ ಒಳಗೋಡೆಯಲ್ಲಿ ಕೊಡ ಇಡುವುದಕ್ಕೆಂದು ಚಾಚಿಕೊಂಡಿದ್ದ ಒಂದು ಕಲ್ಲಿತ್ತು. ಅವತ್ತು ಅದು ನೀರೊಳಗೆ ಮುಳುಗಿತ್ತು. ಅತ್ತೆ ಅರಿಶಿನ ಕುಂಕುಮ ನೀರಿಗೆ ಹಾಕಿ ಕೈಮುಗಿದರು.

"ಗಂಗಮ್ಮ ಎದ್ದವ್ಳೆ ಕಣೇ. ನಮ್ ಬಾವಿಲಿ ಪ್ರತಿ ಅಮಾಸೆಗೂ ಹಿಂಗೇ ಮೇಲಕ್ ಬತ್ತಾಳೆ. ನಾನ್ ಬಂದಾಗ್ಲಿಂದ ನೋಡ್ತಿದ್ದೀನಿ."

ನನ್ನ ಕೊಡ ಅಲ್ಲೇ ಉಳಿಯಿತು. ಓಡಿಬಂದು ಮಾವನ ಮುಂದೆ ಏದುಸಿರು ಬಿಡುತ್ತಾ ನಿಂತೆ. "ಮಾವ, ಅಮಾಸೆ ದಿನ ಸಮುದ್ರದಲ್ಲಿ ಉಬ್ಬರ ಜಾಸ್ತಿ ಅಂತ ಪುಸ್ತಕದಲ್ಲೈತೆ. ನಮ್ ಬಾವಿನೂ ಅಮಾಸೆಗೇ ಏರೋದು! ಚಂದ್ರ ನಮ್ಮದನ್ನೂ ಎಳೀತಾನೆ!"

ಮಾವನ ಮುಖ ನೋಡಬೇಕಿತ್ತು ನೀವು. ಮಗ ಹುಟ್ಟಿದ ಸುದ್ದಿ ಕೇಳಿದವರ ಹಾಗೆ ಅರಳಿತು. ಅವತ್ತೇ ಅರಳಿಕಟ್ಟೆಗೆ ಹೋಗಿ, "ನಮ್ ಬಾವಿಗೂ ಸಮುದ್ರಕ್ಕೂ ನೆಂಟಸ್ತನ ಐತಂತೆ ಕಣ್ರಪ್ಪಾ, ಸೊಸೆ ಪುಸ್ತಕದಲ್ಲಿ ಓದವ್ಳೆ" ಎಂದು ಸಾರಿ ಬಂದರು. ಪರೀಕ್ಷೆಗೆ ಹೂಂ ಎಂದೂ ಅಂದರು.

ಹುಣ್ಣಿಮೆಗೂ ಉಬ್ಬರ ಜಾಸ್ತಿ ಎಂದು ಪುಸ್ತಕದ ಅದೇ ಪುಟದಲ್ಲಿತ್ತು. ಆ ಹುಣ್ಣಿಮೆಗೆ ಬಾವಿ ನೀರು ಇದ್ದಲ್ಲೇ ಇತ್ತು. ಮಾವ ಕೇಳಲಿಲ್ಲ, ನಾನು ನೆನಪಿಸಲಿಲ್ಲ.

ಹುಣ್ಣಿಮೆ ಕಳೆದು ಅಷ್ಟಮಿ ಹತ್ತಿರ ಬಂದಾಗ ಬಲಗಡೆ ಎತ್ತಿನ ಹೆಗಲು ಹುಣ್ಣಾಯಿತು. ಮಾವ ಅರಿಶಿನ, ಎಣ್ಣೆ ಕಲಸಿ ಹಚ್ಚಿ, "ಇವತ್ ಬ್ಯಾಡ, ಪಾಪ" ಎಂದು ಕಪಿಲೆ ನಿಲ್ಲಿಸಿದರು. ಮಾರನೆ ಬೆಳಿಗ್ಗೆ ನೀರಿಗೆ ಹೋದರೆ ಕೊಡದ ಕಲ್ಲು ಕಾಣಿಸುತ್ತಿಲ್ಲ.

"ಅಯ್ಯೋ, ಗಂಗಮ್ಮ ಇವತ್ತೂ ಎದ್ದವ್ಳಲ್ಲೇ!" ಅತ್ತೆಯ ದನಿ ಹೊಲ ದಾಟಿ ಹೋಯಿತು. ಮಾವ ಬಂದರು. ಬಾವಿಯೊಳಗೆ ಬಗ್ಗಿ ನೋಡಿದರು, ಆಮೇಲೆ ಕತ್ತೆತ್ತಿ ಆಕಾಶ ನೋಡಿದರು. ನೆತ್ತಿಯ ಮೇಲೆ ಅರ್ಧ ಚಂದ್ರ ಇನ್ನೂ ಬೆಳ್ಳಗೆ ಉಳಿದಿದ್ದ.

"ಏನಮ್ಮಾ, ಎಳಿಯೋನು ಅರ್ಧನೇ ಅವ್ನೆ, ನೀರು ಪೂರ್ತಿ ಬಂದೈತಲ್ಲ?"

"ಎತ್ತು ನಿಂತಿದ್ವಲ್ಲ ಮಾವ," ಎಂದುಬಿಟ್ಟೆ. ಬಾಯಿಂದ ಬಿದ್ದ ಮೇಲೆ ನನಗೇ ಅದರ ಅರ್ಥವಾಯಿತು. ಅಮಾವಾಸ್ಯೆಯಲ್ಲೂ ಎತ್ತು ನಿಂತಿರುತ್ತಿದ್ದವು. ಒಂದು ಹಗಲು ಪೂರಾ ಯಾರೂ ಸೇದದಿದ್ದರೆ ತಳದಿಂದ ಒಸರುವ ಊಟೆ ನೀರು ತಾನಾಗಿ ತುಂಬಿಕೊಳ್ಳುತ್ತಿತ್ತು. ಚಂದ್ರನಿಗೂ ನಮ್ಮ ಬಾವಿಗೂ ಯಾವ ನೆಂಟಸ್ತನವೂ ಇರಲಿಲ್ಲ.

ಮಾವ ಬಾವಿ ಕಟ್ಟೆಯ ಮೇಲೆ ಕೂತುಬಿಟ್ಟರು. "ನಾನು ಊರೆಲ್ಲಾ ಸಾರ್ಕೊಂಡ್ ಬಂದೆ," ಎಂದರು. "ಅದ್ ಹೋಗ್ಲಿ. ಇದನ್ನೇ ಹೊಸ್ಕೋಟೆಲಿ ಬರ್ದು ಬಂದಿದ್ರೆ ಏನ್ ಗತಿ? ಇನ್ನೊಂದ್ಸಲ ಫೇಲು. ಬ್ಯಾಡಮ್ಮಾ, ಪರೀಕ್ಷೆ ಮಾತು ಬಿಡು."

ಬೈದಿದ್ದರೆ ಎದುರಾಡಬಹುದಿತ್ತು. ಅವರು ಮೆಲ್ಲಗೆ ಹೇಳಿದರು. ಅದಕ್ಕೇ ನಾನು ಕೊಟ್ಟಿಗೆಗೆ ಹೋಗಿ ಎಮ್ಮೆಯ ಮರೆಯಲ್ಲಿ ಅತ್ತುಬಿಟ್ಟೆ.

ಅತ್ತು ಮುಗಿದ ಮೇಲೆ ಪುಸ್ತಕ ತೆಗೆದೆ. ಆ ಪಾಠವನ್ನು ಎಷ್ಟೋ ಸಲ ಓದಿದೆ. ಚಂದ್ರನ ಕಡೆಯ ನೀರು ಉಬ್ಬುತ್ತದೆ ಎನ್ನುವುದು ತಲೆಗೆ ಹೋಯಿತು. ಭೂಮಿಯ ಆಚೆ ಕಡೆ, ಚಂದ್ರನಿಗೆ ಬೆನ್ನು ಹಾಕಿದ ನೀರೂ ಉಬ್ಬುತ್ತದೆ ಎಂದು ಬರೆದಿತ್ತಲ್ಲ, ಅಲ್ಲಿಗೆ ಬಂದು ಗಾಡಿ ನಿಲ್ಲುತ್ತಿತ್ತು. ಆ ಕಡೆಗೆ ಎಳೆಯುವವರು ಯಾರು? ಇದು ಬಿಡಿಸದೆ ಮಾವನ ಮುಂದೆ ಮತ್ತೆ ನಿಲ್ಲುವ ಹಾಗಿರಲಿಲ್ಲ. ಅರ್ಧಂಬರ್ಧ ಹೇಳಿ ಒಂದು ಸಲ ಕೆಟ್ಟಿದ್ದಾಗಿತ್ತು.

ಆ ವಾರದ ಸಂತೆ ಮುಗಿಸಿ ನಂದಗುಡಿಯಿಂದ ನಾನು, ಅತ್ತೆ, ನಾದಿನಿ ಮೂವರೂ ನಡೆದು ಬರುತ್ತಿದ್ದೆವು. ನನ್ನ ನಾದಿನಿ ಆಗ ಚಿಕ್ಕವಳು. ಹೊಸ ಬಳೆ ಗೆಳತಿಯರಿಗೆ ತೋರಿಸುವ ಆತುರಕ್ಕೆ ಮುಂದೆ ಮುಂದೆ ಓಡುತ್ತಿದ್ದಳು. ಅತ್ತೆಗೆ ಮಂಡಿ ನೋವು, ಸಾಲದ್ದಕ್ಕೆ ತಲೆಯ ಮೇಲೆ ಬುಟ್ಟಿ, ಅವರು ಹಿಂದೆ. ನಾನು ನಡುವೆ. ಮುಂದೆ ನೋಡಿದರೆ ನಾದಿನಿ ದೂರ ಹೋಗುತ್ತಿದ್ದಾಳೆ. ಹಿಂದೆ ತಿರುಗಿದರೆ ಅತ್ತೆಯೂ ದೂರವಾಗುತ್ತಿದ್ದಾರೆ.

ನಾನು ದಾರಿಯಲ್ಲೇ ನಿಂತುಬಿಟ್ಟೆ. ಅತ್ತೆಯನ್ನು ಯಾರೂ ಹಿಂದಕ್ಕೆ ಎಳೆಯುತ್ತಿಲ್ಲ! ಮೂವರೂ ಹೋಗುತ್ತಿರುವುದು ಊರಿನ ಕಡೆಗೇ. ನಾದಿನಿಯನ್ನು ಊರು ಜೋರಾಗಿ ಎಳೆಯುತ್ತಿದೆ, ನನ್ನನ್ನು ಸ್ವಲ್ಪ ಕಡಿಮೆ, ಅತ್ತೆಯನ್ನು ಎಲ್ಲರಿಗಿಂತ ಕಡಿಮೆ. ನಡುವೆ ನಿಂತ ನನ್ನ ಕಣ್ಣಿಗೆ ಮಾತ್ರ ಒಬ್ಬರು ಮುಂದಕ್ಕೆ, ಒಬ್ಬರು ಹಿಂದಕ್ಕೆ ಸರಿಯುತ್ತಿರುವಂತೆ ಕಾಣುತ್ತಿದೆ.

ಅತ್ತೆ ಬಂದು ಸೇರಿದಾಗ ನಾನು ಒಬ್ಬಳೇ ನಗುತ್ತಿದ್ದೆ. "ಏನೇ ಬಂತು ನಿಂಗೆ? ಬಿಸ್ಲು ತಲೆಗೇರ್ತಾ?"

"ಅತ್ತೆ, ನೀವು ಆಚೆ ಕಡೆ ಸಮುದ್ರ!"

"ನಾನ್ ಸಮುದ್ರನಾ? ಮೊದ್ಲು ಈ ಬುಟ್ಟಿ ಹಿಡ್ಕೊ."

ಮನೆಗೆ ಬಂದವಳೇ ಮಾವನನ್ನು ಜಗಲಿಯಲ್ಲಿ ಕೂರಿಸಿದೆ. ಅಂಗಳದಲ್ಲಿ ಮೂವರೂ ಮತ್ತೆ ನಡೆದು ತೋರಿಸಿದೆವು. ತುಳಸಿಕಟ್ಟೆಯನ್ನೇ ಚಂದ್ರ ಎಂದುಕೊಂಡೆವು. ನಾದಿನಿ ಚಂದ್ರನ ಕಡೆಯ ನೀರು, ನಾನು ನಡುವಿನ ಭೂಮಿ, ಅತ್ತೆ ಆಚೆ ಕಡೆಯ ನೀರು. ಹತ್ತಿರ ಇದ್ದದ್ದನ್ನು ಚಂದ್ರ ಹೆಚ್ಚು ಎಳೆಯುತ್ತಾನೆ, ದೂರದ್ದನ್ನು ಕಡಿಮೆ. ಈಚೆಯ ನೀರು ಭೂಮಿಗಿಂತ ಮುಂದಾಗುತ್ತದೆ, ಆಚೆಯದು ಹಿಂದುಳಿಯುತ್ತದೆ. ಅದಕ್ಕೇ ಎರಡು ಕಡೆಯೂ ಉಬ್ಬು. ಭೂಮಿ ದಿನಕ್ಕೊಂದು ಸುತ್ತು ತಿರುಗುವುದರಿಂದ ಒಂದೇ ದಡ ಎರಡು ಉಬ್ಬುಗಳನ್ನೂ ದಾಟುತ್ತದೆ.

ಮಾವ ಹಗ್ಗ ಕೆಳಗಿಟ್ಟರು. "ಅಮಾಸೆ ಹುಣ್ಣಿಮೆಗೆ ಯಾಕ್ ಜಾಸ್ತಿ?"

"ಸೂರ್ಯನೂ ಎಳೀತಾನೆ ಮಾವ, ಚಂದ್ರನಷ್ಟಿಲ್ಲ. ಆ ಎರಡು ದಿನ ಭೂಮಿ, ಸೂರ್ಯ, ಚಂದ್ರ ಒಂದೇ ಸಾಲಲ್ಲಿರ್ತಾರೆ, ಇಬ್ಬರ ಉಬ್ಬೂ ಒಂದ್ರ ಮೇಲೊಂದು ಬೀಳುತ್ತೆ. ಅಷ್ಟಮಿಗೆ ಒಬ್ಬ ಹಿಂಗೆ, ಒಬ್ಬ ಅಡ್ಡಕ್ಕೆ. ಜೋಡಿ ಎತ್ತಲ್ಲಿ ಒಂದು ಹೊಲಕ್ಕೆ, ಒಂದು ಮನೆಗೆ ಎಳೆದಂಗೆ."

"ಹೂಂ. ನನ್ ಬಾವಿ?"

ಇಷ್ಟಕ್ಕೂ ಅವರು ಮೊದಲು ಕೇಳಿದ್ದು ಅದನ್ನೇ.

"ಬಾವಿನೂ ಎಳೀತಾನೆ ಮಾವ. ಆದ್ರೆ ಅದು ಇಷ್ಟಗಲ. ಈ ಅಂಚು ಆ ಅಂಚು ಅವನಿಗೆ ಒಂದೇ. ನೀರನ್ನೂ ಎಳೀತಾನೆ, ಕಲ್ಲನ್ನೂ ಎಳೀತಾನೆ, ಎಲ್ಲಾ ಒಂದೇ ಸಮ. ಒಬ್ರು ಮುಂದೆ ಒಬ್ರು ಹಿಂದೆ ಆಗೋಕೆ ಜಾಗ ಎಲ್ಲೈತೆ? ಸಮುದ್ರ ಆದ್ರೆ ಭೂಮಿ ಈ ಮೂಲೆಯಿಂದ ಆ ಮೂಲೆ ತಂಕ ಹಬ್ಬೈತೆ, ಆ ಕಡೆ ನೀರು ಈ ಕಡೆ ಹರಿದು ಬಂದು ಗುಡ್ಡೆ ಆಗುತ್ತೆ."

ಮಾವ ಬಾವಿಯ ದಿಕ್ಕಿಗೆ ನೋಡಿದರು. "ಹಂಗಾದ್ರೆ ನಮ್ಮದು ಬರೀ ಬಾವಿ," ಎಂದರು. ಸ್ವಲ್ಪ ಬೇಜಾರಿತ್ತು. ಆಮೇಲೆ ಒಳಗೆ ಹೋಗುತ್ತಿದ್ದ ಅತ್ತೆಯನ್ನು ಕರೆದರು. "ಲೇ ಇವ್ಳೇ, ಹೊಸ್ಕೋಟೆಲಿರೋ ನಿಮ್ಮಣ್ಣನ ಮನೆಗೆ ಹೇಳಿ ಕಳ್ಸು. ಪರೀಕ್ಷೆ ಮುಗಿಯೋಗಂಟ ಸೊಸೆ ಅಲ್ಲೇ ಇರ್ತಾಳೆ. ಅರಳಿಕಟ್ಟೆಲಿ ನಾನ್ ಹೇಳ್ಕೊತೀನಿ, ನೆಂಟಸ್ತನ ಮುರ್ದ್ ಬಿತ್ತು ಅಂತ."

ಅಲ್ಲಿಂದ ನಾನು ಹೊಸಕೋಟೆಗೆ ಹೊರಡುವ ತನಕ ಅತ್ತೆ ನನಗೆ ಸಗಣಿ ಮುಟ್ಟಲು ಬಿಡಲಿಲ್ಲ. ಮುದ್ದೆ ತೊಳಸುವುದನ್ನೂ ಆ ಮಂಡಿ ನೋವಿನಲ್ಲಿ ತಾವೇ ಹಿಡಿದರು. ಪರೀಕ್ಷೆಯ ದಿನ ಮಾವ ಒಗೆದ ಪಂಚೆ ಉಟ್ಟು, ನನ್ನ ಜೊತೆ ಸ್ಕೂಲಿನ ತನಕ ಬಂದು, ರೊಟ್ಟಿ ಗಂಟು ಹಿಡಿದು ಹೊರಗೆ ಹೊಂಗೆ ಮರದ ಕೆಳಗೆ ಕೂತಿದ್ದರು. ನಾನು ಈಚೆ ಬಂದಾಗ ಮೊದಲು ಕೇಳಿದ್ದು, "ಸಮುದ್ರದ್ದು ಬಂದಿತ್ತಾ?"

"ಇಲ್ಲ ಮಾವ. ಮಳೆ ಮಾರುತದ್ದು ಕೇಳಿದ್ರು."

"ಇಲ್ವಾ!" ಮಾವ ಸ್ಕೂಲಿನ ಕಡೆ ಗುರುಗುಟ್ಟಿ ನೋಡಿದರು. "ಇವ್ರಿಗೆ ಪ್ರಶ್ನೆ ಕೇಳೋಕೇ ಬರಲ್ಲ."

ಮಳೆ ಮಾರುತವನ್ನು ಮಾತ್ರ ನಾನು ಹೆದರದೆ ಬರೆದಿದ್ದೆ. ಗಾಳಿ ಎಲ್ಲಿಂದ ಎಲ್ಲಿಗೆ ಯಾಕೆ ಹೊರಡುತ್ತದೆ ಎಂದು ನನ್ನನ್ನೇ ಕೇಳಿಕೊಂಡು, ಮಾವ ಎದುರಿಗೆ ಕೂತಿದ್ದಾರೆ ಎಂದುಕೊಂಡು ಬರೆದೆ. ಮುಂದೆ ಟೀಚರಾಗಿ ಎಷ್ಟೋ ಮಕ್ಕಳಿಗೆ ಪಾಠ ಹೇಳಿದೆ. ಯಾವ ಪಾಠ ತಯಾರು ಮಾಡುವಾಗಲೂ ಜಗಲಿಯ ಮೇಲೆ ಹಗ್ಗ ಹೊಸೆಯುವ ಆ ಮನುಷ್ಯನಿಗೆ ಇದು ತಿಳಿಯುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಮಾವ ನನಗೆ ಕೊಟ್ಟ ಆಸ್ತಿ ಅದು. ಯಾವ ಪಾಲುಪಟ್ಟಿಯಲ್ಲೂ ಸೇರದ್ದು.

ಪಾಸಾದ ಸುದ್ದಿ ಬಂದ ದಿನ ಅತ್ತೆಯ ಕಾಲಿಗೆ ಬಿದ್ದೆ. ನಾನು ಪಾಸಾಗಲಿ ಎಂದು ಅವರು ಗುಟ್ಟಾಗಿ ಗಂಗಮ್ಮನಿಗೆ ಹರಕೆ ಹೊತ್ತಿದ್ದನ್ನು ನಾದಿನಿ ಬಾಯಿಬಿಟ್ಟಿದ್ದಳು. "ನನಗೋಸ್ಕರ ಹರಕೆ ಹೊತ್ರಂತಲ್ಲ ಅತ್ತೆ," ಎಂದೆ.

ಅತ್ತೆ ಕಾಲು ಹಿಂದಕ್ಕೆಳೆದುಕೊಂಡರು. "ನಿಂಗೋಸ್ಕರ ಯಾವಳು ಹೊತ್ತಳು? ನೀನ್ ಇನ್ನೊಂದ್ಸಲ ಫೇಲಾಗಿದ್ರೆ ಇನ್ನೊಂದ್ ವರ್ಷ ಒಲೆ ಮುಂದೆ ಆ ಸಮುದ್ರದ ಪುರಾಣ ನಾನ್ ಕೇಳ್ಬೇಕಿತ್ತಲ್ಲ, ಅದ್ಕೇ ಹೊತ್ತೆ ಕಣೇ!"