ಮೌನಿಯ ಅಮ್ಮನಿಗೊಂದು ಗೌನು

ಗಂಡ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಮೇಲೆ ಟೈಲರಮ್ಮ ಅಂಗಡಿ ಬಿಟ್ಟುಕೊಟ್ಟು ಹೊಲಿಗೆ ಯಂತ್ರವನ್ನು ಮನೆಗೇ ತಂದರು. ಮುಂದಿನ ಕೋಣೆಯಲ್ಲಿ ಯಂತ್ರ, ಒಳಗೆ ಮಂಚ, ನಡುವೆ ಬಾಗಿಲ ಬದಲು ಪರದೆ. ನೆಂಟರು ಬಂದು ಧೈರ್ಯ ಹೇಳಿ ಹೋಗುತ್ತಿದ್ದರೇ ಹೊರತು, ಬೆನ್ನಿನ ಹುಣ್ಣಿಗೆ ಏನು ಹಚ್ಚಬೇಕು, ಗಂಡ ಸಿಡುಕಿದಾಗ ಸುಮ್ಮನಿರಬೇಕೋ ತಿರುಗಿ ಅನ್ನಬೇಕೋ ಎಂದು ಹೇಳುವವರು ಒಬ್ಬರೂ ಇರಲಿಲ್ಲ. ಅದಕ್ಕೇ ಫೋನಿನಲ್ಲಿ ಒಂದು ಗುಂಪು ಕಟ್ಟಿದರು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಮಾತ್ರ ಅಲ್ಲಿ ಜಾಗ.

ಗುಂಪು ನೋಡನೋಡುತ್ತ ಬೆಳೆಯಿತು. ಮರೆವಿನ ಕಾಯಿಲೆಯ ಹೆಂಡತಿಯನ್ನು ಸಾಕುತ್ತಿದ್ದ ನಿವೃತ್ತ ಮೇಷ್ಟ್ರು ಬಂದರು, ಅತ್ತೆಯ ಆರೈಕೆ ಮಾಡುತ್ತಿದ್ದ ಬೇಕರಿಯಾಕೆ ಬಂದಳು. "ನಮ್ಮತ್ತೆ ಇವತ್ತು ನನ್ನನ್ನ ಕತ್ತೆ ಅಂದ್ರು. ಅಂತೂ ಮಾತು ವಾಪಸ್ ಬಂತಲ್ಲ!" ಎಂದು ಅವಳು ಬರೆದ ದಿನ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ಟೈಲರಮ್ಮನ ಅಣ್ಣನ ಮಗಳು ಒಂದು ಸಮಾಜ ಸಂಶೋಧನಾ ಕೇಂದ್ರದಲ್ಲಿ ಕೆಲಸದಲ್ಲಿದ್ದಳು. ಓದುವಾಗ ಇವರ ಮನೆಯಲ್ಲೇ ಇದ್ದವಳು, ಮಗಳಿಗಿಂತ ಹೆಚ್ಚು. ಒಂದು ಆನ್‌ಲೈನ್ ಸಮೀಕ್ಷೆ ಕಳಿಸಿ, ಗುಂಪಿನವರಿಂದ ತುಂಬಿಸಿಕೊಡಿ ಎಂದಳು. ಟೈಲರಮ್ಮ ಒಬ್ಬೊಬ್ಬರಿಗೂ ದುಂಬಾಲು ಬಿದ್ದು ತುಂಬಿಸಿದರು. ಆಮೇಲೆ ಅವಳು, "ಹೊಸಬರನ್ನ ಸೇರಿಸೋ ಕೆಲಸ ನನಗೆ ಬಿಡಿ ಅತ್ತೆ, ನಿಮಗೆ ಮೈತುಂಬ ಕೆಲಸ ಇದೆ" ಎಂದಾಗ ಇವರಿಗೆ ಹೊರೆ ಇಳಿದಂತಾಯಿತು.

ಹಾಗೆ ಬಂದವಳು ಮೌನಿ. ಅದು ಅವಳೇ ಇಟ್ಟುಕೊಂಡ ಹೆಸರು. ಒಬ್ಬಳೇ ಮಗಳು, ಮದುವೆಯಿಲ್ಲ, ತಾಯಿ ಮಂಚದ ಮೇಲೆ. ಮಧ್ಯಾಹ್ನ ಗಂಡ ನಿದ್ದೆ ಹೋದ ಕೂಡಲೇ ಟೈಲರಮ್ಮ ಗುಂಪಿನಾಚೆ ಅವಳೊಬ್ಬಳಿಗೇ ಬರೆಯಲು ಫೋನು ಕೈಗೆತ್ತಿಕೊಳ್ಳುವರು. ಇಷ್ಟು ತಾಳ್ಮೆಯಿಂದ ಕೇಳಿಸಿಕೊಳ್ಳುವವರನ್ನು ಅವರು ಕಂಡೇ ಇರಲಿಲ್ಲ. ಸಿಟ್ಟಿನಲ್ಲಿ ಒಮ್ಮೆ ಗಂಡನ ಕೈಗೆ ಹೊಡೆದದ್ದನ್ನು, ಆಮೇಲೆ ಅದೇ ಕೈಯನ್ನು ಕೆನ್ನೆಗೊತ್ತಿಕೊಂಡು ಅತ್ತದ್ದನ್ನು, ಒಡಹುಟ್ಟಿದವರಿಗೂ ಹೇಳದ್ದನ್ನು ಅವಳಿಗೆ ಹೇಳಿದರು. "ಅಮ್ಮ ಇವತ್ತು ನನ್ನ ನೋಡಿ, ನೀವು ಯಾರ ಮನೆಯವರಮ್ಮಾ ಅಂದ್ಲು" ಎಂದು ಮೌನಿ ಬರೆದಾಗ ಟೈಲರಮ್ಮನಿಗೆ ಊಟ ಸೇರಲಿಲ್ಲ. ಬೆನ್ನ ಹಿಂದೆ ದಾರ ಕಟ್ಟುವ, ಮಲಗಿದ್ದಂತೆಯೇ ತೊಡಿಸಬಹುದಾದ ಮೆತ್ತನೆಯ ಗೌನೊಂದನ್ನು ಹೊಲಿದು ವಿಳಾಸ ಕೇಳಿದರು. ಮೌನಿ ಒಂದಲ್ಲ ಒಂದು ನೆವ ಹೇಳಿ ಜಾರಿಕೊಂಡಳು. ಅಮ್ಮ ಈಗಲೋ ಆಗಲೋ ಎನ್ನುವಂತಿದ್ದಾಳೆ ಎಂದು ಬರೆದ ದಿನ ಟೈಲರಮ್ಮ ತಡೆದುಕೊಳ್ಳಲಾರದೆ ಅಣ್ಣನ ಮಗಳನ್ನು ಕರೆಸಿದರು.

"ನಿನ್ನ ಮಾವನ್ನ ಎರಡು ದಿನ ನೋಡ್ಕೋ ತಾಯಿ. ನಾನು ಹೋಗ್ಬರ್ತೀನಿ. ಅವಳ ಊರು ಯಾವುದು ಅಂತ ಒಂಚೂರು ಹುಡುಕಿ ಕೊಡು."

ಮಡಿಸಿಟ್ಟ ಗೌನು, ಪಕ್ಕದಲ್ಲಿ ಬ್ಯಾಗು. ಎರಡನ್ನೂ ನೋಡಿ ಹುಡುಗಿಯ ಮುಖ ಬಿಳಿಚಿಕೊಂಡಿತು.

"ಎಲ್ಲಿಗೆ ಹೋಗ್ತೀರಿ ಅತ್ತೆ? ಮೌನಿ ಅಂತ ಯಾರೂ ಇಲ್ಲ."

"ಅಯ್ಯೋ, ಹೋಗ್ಬಿಟ್ಲಾ?"

"ಇರಲೇ ಇಲ್ಲ. ಅದು ಕಂಪ್ಯೂಟರು. ಎಐ. ನಮ್ಮ ಕೇಂದ್ರದವರೇ ಗುಂಪಿಗೆ ಬಿಟ್ಟಿದ್ದು. ಸಮೀಕ್ಷೇಲಿ ಎಲ್ಲರೂ ಚೆನ್ನಾಗಿದ್ದೀವಿ ಅಂತಾನೇ ಬರೀತಾರೆ, ನಿಜ ಹೇಳಲ್ಲ. ಕಷ್ಟದಲ್ಲಿರೋರು ಒಬ್ಬರಿಗೊಬ್ಬರು ಹೇಗೆ ಮಾತಾಡ್ತಾರೆ ಅಂತ ನೋಡ್ಬೇಕಿತ್ತು..."

"ಮತ್ತೆ ಆ ತಾಯಿ? ಯಾರ ಮನೆಯವರಮ್ಮಾ ಅಂದಿದ್ದು?"

"ಅದು ಮೇಷ್ಟ್ರು ಹಿಂದೆ ಅವರ ಹೆಂಡತಿ ಬಗ್ಗೆ ಬರೆದಿದ್ದು. ಗುಂಪಿನ ಹಳೇ ಮಾತುಗಳನ್ನೇ ಕೊಟ್ಟು ಅದಕ್ಕೆ ಕಲಿಸಿದ್ವಿ."

ಟೈಲರಮ್ಮ ಮಡಿಸಿಟ್ಟ ಗೌನನ್ನು ಕೈಗೆತ್ತಿಕೊಂಡರು. "ಅಂದ್ರೆ ನಮ್ಮ ಬಟ್ಟೇನೇ ಕತ್ತರಿಸಿ ನಮಗೇ ಹೊಲಿದು ಕೊಟ್ರಾ? ನಾನು ನಿನ್ನ ಮಾವನಿಗೆ ಹೊಡೆದದ್ದೂ ಅಲ್ಲಿ ಎಲ್ಲರೂ ಓದಿದ್ರಾ?"

"ನಿಮ್ಮ ಹೆಸರು ಎಲ್ಲೂ ಇಲ್ಲ ಅತ್ತೆ..."

"ನೀನು ಓದಿದ್ಯಾ?"

ಅವಳು ತಲೆ ತಗ್ಗಿಸಿದಳು. ಟೈಲರಮ್ಮ ಬಾಗಿಲ ಕಡೆ ಕೈ ತೋರಿಸಿದರು.

ಅದೇ ಸಂಜೆ ಅವರು ಗುಂಪಿಗೆ ನಡೆದದ್ದನ್ನೆಲ್ಲ ಬಿಚ್ಚಿ ಬರೆದರು. ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಒಬ್ಬೊಬ್ಬರಾಗಿ ಸದ್ದಿಲ್ಲದೆ ಜಾಗ ಖಾಲಿ ಮಾಡಿದರು. ಮೇಷ್ಟ್ರು ಮಾತ್ರ ಒಂದು ಸಾಲು ಬರೆದರು: "ನೀವಾದರೂ ಮನುಷ್ಯರು ತಾನೇ ಟೈಲರಮ್ಮ?" ಟೈಲರಮ್ಮ ಕೂಡಲೇ ಫೋನು ಮಾಡಿ, "ನಾನೇ, ಮೇಷ್ಟ್ರೇ, ಮಾತು ಕೇಳಿ" ಎಂದರು. "ಧ್ವನೀನೂ ಮಾಡ್ತಾರಂತಲ್ಲಮ್ಮ ಈಗ" ಎಂದು ಮುದುಕರು ಫೋನಿಟ್ಟರು.

ಗೌನನ್ನು ಬೇಕರಿಯಾಕೆ ಖುದ್ದಾಗಿ ಬಂದು ತನ್ನ ಅತ್ತೆಗೆಂದು ಒಯ್ದಳು. ಕೇಂದ್ರದ ಮುಖ್ಯಸ್ಥರು ಕ್ಷಮೆ ಕೇಳಿ, ಅಧ್ಯಯನ ನಿಲ್ಲಿಸಿದ್ದೇವೆ ಎಂದು ಹೇಳಿ ಕಳಿಸಿದರು. ಟೈಲರಮ್ಮ ಗುಂಪನ್ನು ಮುಚ್ಚಿದರು. ಮಧ್ಯಾಹ್ನ ಕೈ ತಾನಾಗಿಯೇ ಫೋನಿನತ್ತ ಹೋಗುತ್ತಿತ್ತು. ಇಲ್ಲದವಳೊಬ್ಬಳು ನೆನಪಾಗಿ ದುಃಖ ಬರುತ್ತಿತ್ತಲ್ಲ, ಅದಕ್ಕೆ ಅವರಿಗೆ ತಮ್ಮ ಮೇಲೇ ಸಿಟ್ಟು.

ಅಣ್ಣನ ಮಗಳು ಕೆಲಸ ಬಿಟ್ಟಳು. ಭಾನುವಾರಗಳಂದು ಈಗಲೂ ಬರುತ್ತಾಳೆ. ಹಾಸಿಗೆಯಲ್ಲಿರುವವರನ್ನು ಮಗ್ಗುಲಾಗಿಸಿ ಬೆನ್ನು ಒರೆಸಲು ಇಬ್ಬರು ಬೇಕು, ಟೈಲರಮ್ಮ ಬೇಡವೆನ್ನುವುದಿಲ್ಲ. ಒಬ್ಬರು ಭುಜ, ಒಬ್ಬರು ಸೊಂಟ. "ಏನಾದ್ರೂ ಅನ್ನಿ ಅತ್ತೆ" ಎಂದು ಅವಳು ಒಂದೆರಡು ಸಲ ಅತ್ತಳು. "ಹಿಡ್ಕೋ" ಎನ್ನುತ್ತಾರೆ ಟೈಲರಮ್ಮ. ಒರೆಸಿಯಾದ ಮೇಲೆ "ಬಿಡು" ಎನ್ನುತ್ತಾರೆ. ಅಷ್ಟೇ.