ಅಣ್ಣ ಕೈಬಿಟ್ಟ ದೋಣಿ ಕೆಲಸ

ನಮ್ಮಣ್ಣ ರುದ್ರಪ್ಪ ಯಾವುದನ್ನು ಕಂಡರೂ ಮೊದಲು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದ. ನೀರಿನ ಟ್ಯಾಂಕು, ಬಸ್ಸಿನ ಬಾಗಿಲು, ಹಲಸಿನ ಹಣ್ಣು, ಎಲ್ಲಕ್ಕೂ ಅದೇ ಪರೀಕ್ಷೆ. ನನಗೆ ಗಂಡು ನೋಡಲು ಹೊಳಲ್ಕೆರೆಗೆ ಹೋದಾಗ ಅವರ ಮನೆಯ ಹೊಸ ಬಣ್ಣದ ಬಾಗಿಲನ್ನೂ ಬಡಿದ. "ಒಳಗೆಲ್ಲ ಗೆದ್ದಲು ತಿಂದೈತೆ ಕಣ್ರಿ. ಬಣ್ಣ ಹಿಡ್ಕಂಡು ನಿಂತೈತೆ ಅಷ್ಟೆ" ಎಂದು ಬೀಗರಾಗಬೇಕಾದವರ ಎದುರಿಗೇ ಹೇಳಿದ. ಸಂಬಂಧ ಅಲ್ಲಿಗೇ ಮುರಿಯಿತು. ಅವ್ವ ಮೂರು ದಿನ ಅವನ ಹತ್ತಿರ ಮಾತಾಡಲಿಲ್ಲ. ನನಗೇನೂ ಬೇಜಾರಾಗಲಿಲ್ಲ, ಹುಡುಗನ ಮೀಸೆ ನನಗೂ ಹಿಡಿಸಿರಲಿಲ್ಲ.

ಹಿರಿಯೂರಿನಲ್ಲಿ ಹೊಸದುರ್ಗದ ರಸ್ತೆಗೆ, ಟ್ಯಾಂಕು ದೋಣಿ ರಿಪೇರಿ ಮಾಡುವ ನಮ್ಮ ಫೈಬರ್ ಶೆಡ್ಡು. ಅಣ್ಣ ಓದಿದ್ದು ನಾಲ್ಕನೇ ಕ್ಲಾಸು, ನಾನು ಏಳು. ಫೈಬರಿಗೆ ಹಚ್ಚುವ ರೆಸಿನ್ ಅಂಟಿಗೆ ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಕಲಸುವುದು ನನ್ನ ಪಾಲಿನ ಕೆಲಸ. ಟ್ಯಾಂಕಿನ ರೆಸಿನ್ನಿಗೆ ಹಾರ್ಡ್‌ನರ್ ಸ್ವಲ್ಪ ಹೆಚ್ಚು ಬಿದ್ದರೆ ಬೇಗ ಗಟ್ಟಿಯಾಗುತ್ತದೆ. ಚಳಿ ದಿನಗಳಲ್ಲಿ ನಾವೇ ಒಂದೆರಡು ಹನಿ ಜಾಸ್ತಿ ಹಾಕುತ್ತಿದ್ದೆವು.

ಮಾರಿಕಣಿವೆ ಹಿನ್ನೀರಿನಿಂದ ದೋಣಿ ಬಂತೆಂದರೆ ಅಣ್ಣ ಊಟ ಮರೆಯುತ್ತಿದ್ದ. "ಟ್ಯಾಂಕು ಸೋರಿದ್ರೆ ನೀರು ಹೋಗ್ತತೆ. ದೋಣಿ ಸೋರಿದ್ರೆ ಮನುಷ್ಯ ಹೋಗ್ತಾನೆ ಕಣೇ ಗೌರಿ" ಎನ್ನುತ್ತಿದ್ದ.

ಒಂದು ಚಳಿಗಾಲ ಮೀನು ಹಿಡಿಯುವ ತಿಪ್ಪಣ್ಣ ತನ್ನ ದೋಣಿ ತಂದ. ಇಂಜಿನ್ನು ತೂಗುಹಾಕುವ ಹಿಂದಿನ ಹಲಗೆ ಅಲುಗಾಡುತ್ತಿತ್ತು. ಅಣ್ಣ ಒಳಮೈಯ ಫೈಬರ್ ಕೊಯ್ದು ತೆಗೆದ. ಒಳಗಿನ ಪ್ಲೈವುಡ್ಡು ನೆನೆದ ಅವಲಕ್ಕಿಯ ಹಾಗೆ ಕೈಗೆ ಬಂತು. ಅದನ್ನೆಲ್ಲ ಕೆರೆದು, ವಾರಗಟ್ಟಲೆ ಒಣಗಿಸಿ, ಹೊಸ ಹಲಗೆ ಕೊಯ್ದ. ಅಂಟಿಸಲು ಬೆಂಗಳೂರಿನಿಂದ ಎಪಾಕ್ಸಿ ಎಂಬ ಬೇರೆ ಜಾತಿಯ ರೆಸಿನ್ ತರಿಸಿದ್ದ. ನಮ್ಮಿಬ್ಬರಿಗೂ ಅದು ಹೊಸದು. ಡಬ್ಬದ ಮೇಲಿನ ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ ಹೇಳಿದ: "ಎರಡು ಪಾಲು ರೆಸಿನ್ನಿಗೆ ಒಂದು ಪಾಲು ಹಾರ್ಡ್‌ನರ್. ತಕ್ಕಡೀಲಿ ತೂಗು. ಕಣ್ಣಳತೆ ಬ್ಯಾಡ." ಆಮೇಲೆ ಗ್ರೈಂಡರಿನ ಬಿಲ್ಲೆ ತರಲು ಪೇಟೆಗೆ ಹೋದ.

ಆವತ್ತು ನನಗೆ ಮತ್ತೋಡಿನಲ್ಲಿ ಗೆಳತಿಯ ಮದುವೆ. ಬಸ್ಸಿಗೆ ಹೊತ್ತಾಗುತ್ತಿತ್ತು. ಬೇಗ ಬಿಗಿಯಲಿ ಎಂದು ಹಾರ್ಡ್‌ನರ್ ಅಂದಾಜಿನ ಮೇಲೆ ಧಾರಾಳವಾಗಿ ಸುರಿದೆ. ಹಲಗೆ ಅಂಟಿಸಿ, ಕ್ಲಾಂಪು ಬಿಗಿದು, ಅಂಚಿಗೆ ಉಕ್ಕಿದ್ದನ್ನು ಒರೆಸಿ ಓಡಿದೆ. ಮಾರನೇ ದಿನ ಅಣ್ಣ ಎಂದಿನ ಟ್ಯಾಂಕಿನ ರೆಸಿನ್ ತಾನೇ ಕಲಸಿ ಮೇಲೆ ಮೂರು ಪದರ ಫೈಬರ್ ಹೊದಿಸಿದ. ಅದು ಕಲ್ಲಿನಂತೆ ಕೂತಿತು. ಒಳಗಿನದು ಕಾಣಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ತಿಪ್ಪಣ್ಣ ಟ್ರಾಕ್ಟರಿನಲ್ಲಿ ದೋಣಿ ಹೇರಿಕೊಂಡು ಬಂದ.

"ಬಾರಪ್ಪ ರುದ್ರಪ್ಪ, ನೋಡು ನಿನ್ನ ಕೆಲ್ಸ! ನಡು ನೀರಾಗೆ ಹಲಗೆ ಕಿತ್ಕಂಡು ಹೋತು. ನನ್ನ ಇಂಜಿನ್ನು ಈಗ ಮೀನುಗಳು ಓಡಿಸ್ತಾ ಅವೆ. ಹುಟ್ಟು ಇತ್ತು ಅಂತ ನಾನು ದಡ ಕಂಡೆ."

ಅಣ್ಣ ಬಗ್ಗಿ ಅಂಟಿನೊಳಗೆ ಉಗುರು ಒತ್ತಿದ. ಹಲಸಿನ ಮೇಣದೊಳಗೆ ಇಳಿದ ಹಾಗೆ ಉಗುರು ಇಳಿಯಿತು. ಟ್ಯಾಂಕಿನ ರೆಸಿನ್ನಿನ ಹಾಗಲ್ಲ, ಹಾರ್ಡ್‌ನರ್ ಹೆಚ್ಚಾದರೆ ಎಪಾಕ್ಸಿ ಗಟ್ಟಿಯಾಗುವುದೇ ಇಲ್ಲ ಎಂದು ನನಗೆ ಆಗ ಹೊಳೆಯಿತು. ನನ್ನ ಕಡೆ ತಿರುಗಿದ.

"ತೂಗಿದ್ದೇನೇ?"

"ನೀನು ಹೇಳಿದಂಗೇ ತೂಗಿದೆ ಅಣ್ಣ" ಎಂದೆ.

ಅವನು ಎರಡನೇ ಸಲ ಕೇಳಲಿಲ್ಲ. "ಹಂಗಾದ್ರೆ ನಾನೇ ತಪ್ಪು ಓದಿದೀನಿ. ತಪ್ಪು ನಂದು ತಿಪ್ಪಣ್ಣ" ಎಂದ.

ಹಲಗೆಯನ್ನು ಮತ್ತೆ ಕಟ್ಟಿಕೊಟ್ಟ, ಬೇರೆ ಇಂಜಿನ್ನೂ ಕೊಡಿಸಿದ. ಆಮೇಲೆ ದೋಣಿ ಮುಟ್ಟಲಿಲ್ಲ. ಬಂದವರಿಗೆಲ್ಲ, "ನಾನು ಅಕ್ಷರ ಗೊತ್ತಿಲ್ದೋನು ಕಣ್ರಿ, ಜೀವದ ಕೆಲ್ಸ ಬ್ಯಾಡ. ಟ್ಯಾಂಕು ಇದ್ರೆ ಹೇಳ್ರಿ" ಎಂದು ನಗುತ್ತಲೇ ಕಳಿಸುತ್ತಿದ್ದ. ನಾನು ರೆಸಿನ್ ಕಲಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ನಿಜ ಹೇಳಿದ್ದರೆ ನಾಲ್ಕು ಬೈಗುಳ ಬೀಳುತ್ತಿದ್ದವು, ಅಷ್ಟೆ. ದಿನ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು.

ಎಷ್ಟೋ ವರ್ಷದ ಮೇಲೆ ಅವನನ್ನು ಕೊನೆಯ ಸಲ ಕಂಡದ್ದು ಚಿತ್ರದುರ್ಗದ ಆಸ್ಪತ್ರೆಯಲ್ಲಿ. ಹೇಳಿಯೇ ತೀರಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ನಾನು ಕೂರುವ ಮೊದಲೇ ಅವನು ನನ್ನ ಕೈ ಹಿಡಿದುಕೊಂಡ.

"ಗೌರಿ, ಆ ಡಬ್ಬದ ಮೇಲಿಂದು ಯಾರ ಕೈಲಾದ್ರೂ ಓದಿಸ್ಬೇಕಿತ್ತು ಕಣೇ. ತಿಪ್ಪಣ್ಣನ್ನ ಸಾಯಿಸ್ತಿದ್ದೆ ನಾನು."

ಬಾಯಿ ತೆರೆದೆ. ಬಂದದ್ದು ಒಂದೇ ಮಾತು.

"ಹೋಗ್ಲಿ ಬಿಡಣ್ಣ. ತಪ್ಪು ಯಾರು ತಾನೇ ಮಾಡಲ್ಲ?"

ಅವನ ಮುಖ ಹಗುರವಾಯಿತು. ನನ್ನಿಂದ ಕ್ಷಮೆ ಸಿಕ್ಕಿದವನ ಹಾಗೆ ಕಣ್ಣು ಮುಚ್ಚಿಕೊಂಡ.