ಹೀರೆಯ ಹೂವು, ಸೌತೆಯ ಕಾಯಿ

ಹದಿನೆಂಟು ವರ್ಷಗಳಿಂದ ನಾನು ಎಂಟನೇ ತರಗತಿಗೆ ಪರಾಗಸ್ಪರ್ಶದ ಪಾಠ ಮಾಡುತ್ತಿದ್ದೇನೆ. ಕೇಸರ, ಶಲಾಕೆ, ಅಂಡಾಶಯ ಎಂದು ಕರಿಹಲಗೆಯ ಮೇಲೆ ಕಣ್ಣು ಮುಚ್ಚಿಕೊಂಡೇ ಚಿತ್ರ ಬಿಡಿಸಬಲ್ಲೆ. ಆದರೆ ನಮ್ಮದೇ ಹಿತ್ತಲಿನ ಹೀರೆಬಳ್ಳಿ ಮೈತುಂಬ ಹೂ ಬಿಟ್ಟು ಒಂದೂ ಕಾಯಿ ಕೊಡದೆ ನಿಂತಾಗ ನನಗೆ ಏನೂ ಹೊಳೆಯಲಿಲ್ಲ.

ನಮ್ಮ ಮನೆ ದೇರೆಬೈಲಿನಲ್ಲಿ. ಗಂಡ ಹತ್ತಿರದ ದೇವಸ್ಥಾನದಲ್ಲಿ ಅರ್ಚಕರು. ಮನೆಯ ಹಿಂದೆ ಇರುವುದು ಬಟ್ಟೆ ಒಣಗಿಸುವಷ್ಟು ಜಾಗ. ಆ ವರ್ಷ ಮೊದಲ ಮಳೆ ಬಿದ್ದಾಗ ನನಗೆ ಹುಚ್ಚು ಹಿಡಿದಂತಾಗಿ ಅಲ್ಲಿ ಬೆಂಡೆ, ಹೀರೆ ಬೀಜ ಊರಿದ್ದೆ. ಮೊಳಕೆ ಬಂದ ದಿನ ಗಂಡನನ್ನು ಸ್ನಾನದಿಂದ ಹಾಗೇ ಕರೆದು ತೋರಿಸಿದ್ದೆ. ಅವರು ಒದ್ದೆ ತಲೆಯಲ್ಲೇ ಬಗ್ಗಿ ನೋಡಿ, "ಕಳೆ ಅಲ್ಲ ತಾನೇ?" ಎಂದಿದ್ದರು.

ಕಾಂಪೌಂಡು ಗೋಡೆಯ ಆಚೆ ಒಂದು ಬ್ಯಾರಿ ಮುಸ್ಲಿಂ ಕುಟುಂಬ. ಯಜಮಾನರಿಗೆ ಪೇಟೆಯಲ್ಲಿ ಅಂಗಡಿ, ಮಗಳು ದುಬೈಯಲ್ಲಿ. ಅವರ ಹೆಂಡತಿ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನಾನು ಅವರನ್ನು ಅಕ್ಕ ಎನ್ನುತ್ತೇನೆ, ಅವರು ನನ್ನನ್ನು ಟೀಚರ್ ಎನ್ನುತ್ತಾರೆ. ಅವರ ಕೈಯಲ್ಲಿ ಏನು ನೆಟ್ಟರೂ ಬರುತ್ತದೆ. ಒಂದು ಸಂಜೆ ಮಳೆ ಹೊಳವಾದಾಗ ಅವರು ಗೋಡೆಯ ಮೇಲಿಂದ ನನ್ನ ಹೀರೆಯ ಚಪ್ಪರವನ್ನು ನೋಡಿದರು.

"ಹೂವು ಜೋರುಂಟಲ್ಲ ಟೀಚರೇ!"

"ಹೂವೇ ಇರುವುದು ಅಕ್ಕ, ಕಾಯಿ ಆಗುವುದಿಲ್ಲ."

ಅವರು ಸೀರೆಯ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಸುತ್ತಿ ಬಂದು ಗೇಟು ತೆರೆದು ನೇರ ಬಳ್ಳಿಯ ಕೆಳಗೆ ನಿಂತರು. ಒಂದು ಹೂವನ್ನು ಮೆಲ್ಲನೆ ತಿರುಗಿಸಿದರು. ಅದರ ಹಿಂದೆ ಕಿರುಬೆರಳಿನಷ್ಟು ಪುಟ್ಟ ಹೀರೆಕಾಯಿಯೇ ಇತ್ತು!

"ಇದು ಹೆಣ್ಣು. ಅದೆಲ್ಲ ಗಂಡು. ಹೀರೆ ಅರಳುವುದೇ ಸಾಯಂಕಾಲ. ಈ ಮಳೆಗೆ ಹುಳ ಹುಪ್ಪಟೆ ಎಲ್ಲಿಂದ ಬರಬೇಕು ಮಾರಾಯ್ರೆ? ನಾವೇ ಮಾಡ್ಬೇಕು."

ಅವರು ಒಂದು ಗಂಡು ಹೂವನ್ನು ಕಿತ್ತು, ಎಸಳುಗಳನ್ನು ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಹಗುರವಾಗಿ ಮುಟ್ಟಿಸಿದರು. ಅಷ್ಟೇ.

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ವರ್ಷವರ್ಷವೂ ಬಾಯಿಪಾಠ ಹೇಳಿಸಿದ್ದು ಇದನ್ನೇ! ನಾಚಿಕೆ ಆಯಿತು. ಆದರೆ ನಾಚಿಕೆಗಿಂತ ಖುಷಿಯೇ ಹೆಚ್ಚಾಗಿ ಉಳಿದ ಮೂರು ಹೆಣ್ಣು ಹೂವುಗಳಿಗೆ ನಾನೇ ಮುಟ್ಟಿಸಿದೆ.

ಮರುದಿನ ತರಗತಿಯಲ್ಲಿ ಪುಸ್ತಕ ತೆರೆಯದೆ ಇದನ್ನೇ ಹೇಳಿದೆ. ಅಂದಿನಿಂದ ಮಕ್ಕಳು ಹಾಜರಿ ಕರೆಯುವ ಮೊದಲೇ "ಟೀಚರ್, ಕಾಯಿ ಆಯ್ತಾ?" ಎಂದು ಶುರುಮಾಡಿದರು. ನಾಲ್ಕರಲ್ಲಿ ಒಂದು ಹಳದಿಯಾಗಿ ಉದುರಿತು. ಉಳಿದ ಮೂರೂ ದಿನದಿಂದ ದಿನಕ್ಕೆ ಉದ್ದವಾದವು. ನಾನು ಬೆಳಿಗ್ಗೆ ಒಂದು ಸಲ, ಶಾಲೆಯಿಂದ ಬಂದು ಚೀಲ ಇಡುವ ಮೊದಲು ಒಂದು ಸಲ ಗೇಣು ಹಾಕಿ ಅಳೆಯುತ್ತಿದ್ದೆ. ಮೊದಲನೆಯದನ್ನು ಕೊಯ್ದು ಶಾಲೆಗೇ ಒಯ್ದೆ. ಮೂವತ್ತೆಂಟು ಮಕ್ಕಳು ಅದನ್ನು ಕೈಯಿಂದ ಕೈಗೆ ದಾಟಿಸಿ ವಾಪಸು ಕೊಟ್ಟಾಗ ಅದು ಬೆಚ್ಚಗಾಗಿತ್ತು.

ಮಳೆ ನಿಂತ ಮೇಲೆ ಅಕ್ಕ ತಮ್ಮ ಹಿತ್ತಲಲ್ಲಿ ಅಡುಗೆಗೆ ಹಾಕುವ ದಪ್ಪ ಸೌತೆಯ ಬೀಜ ಹಾಕಿದರು. ಬಳ್ಳಿ ಹಬ್ಬತೊಡಗುವಷ್ಟರಲ್ಲಿ ಮಗಳ ಹೆರಿಗೆಗೆಂದು ದುಬೈಗೆ ಹೊರಡಬೇಕಾಯಿತು. ಹೋಗುವ ದಿನ ಹಿಂಬಾಗಿಲಿನ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು.

"ಇವರಿಗೆ ಅಂಗಡಿ ಬಿಟ್ಟರೆ ಬೇರೆ ಎಂತದೂ ಗೊತ್ತಿಲ್ಲ. ಸೌತೆ ನಿಮ್ಮದು ಟೀಚರೇ."

ಆ ಮೂರು ತಿಂಗಳು ನನ್ನ ಬೆಳಗು ಅವರ ಹಿತ್ತಲಲ್ಲೇ ಆಯಿತು. ನೀರು ಬಿಟ್ಟು, ಎಲೆ ಮಗುಚಿ ನೋಡಿ, ಫೋಟೊ ತೆಗೆದು ದುಬೈಗೆ ಕಳಿಸುತ್ತಿದ್ದೆ. ಅಲ್ಲಿಂದ ಮಗುವಿನ ಫೋಟೊ ಬರುತ್ತಿತ್ತು.

ಕಾಯಿಗಳು ಮುಷ್ಟಿಯಷ್ಟಾದಾಗ ನವಿಲುಗಳು ಬಂದವು. ನಮ್ಮ ಕಡೆ ಈಗ ನವಿಲು ಕಾಗೆಯಷ್ಟೇ ಸಾಮಾನ್ಯ. ಒಂದೇ ಬೆಳಿಗ್ಗೆ ಆರು ಎಳೆಕಾಯಿಗಳನ್ನು ಕುಕ್ಕಿಹಾಕಿದ್ದವು. ಅಳು ಬಂತು. ನನ್ನದಾಗಿದ್ದರೆ ಹೋಗಲಿ ಎನ್ನಬಹುದಿತ್ತು, ಇದು ಇನ್ನೊಬ್ಬರು ನಂಬಿ ಕೊಟ್ಟದ್ದು. ಮರುದಿನ ಕತ್ತಲು ಹರಿಯುವಾಗ ಗಂಡ ನಮ್ಮ ದೇವರ ಕೋಣೆಯ ಹಳೆಯ ಜಾಗಟೆ ಹಿಡಿದು ತಾರಸಿ ಹತ್ತಿದರು. ಎರಡು ನವಿಲು ಗೋಡೆ ಹಾರಿ ಇಳಿದದ್ದೇ ತಡ, ಢಣಢಣ ಬಾರಿಸಿದರು! ನವಿಲುಗಳು ಕಿರುಚುತ್ತ ಮಾಯವಾದವು. ಎದುರು ಮನೆಯ ಅಜ್ಜಿ ಕಿಟಕಿ ತೆರೆದು, "ಭಟ್ರೇ, ಇವತ್ತು ಎಂತ ವಿಶೇಷ?" ಎಂದು ಕೇಳಿದರು.

"ಸೌತೆಕಾಯಿಗೆ ಮಂಗಳಾರತಿ!" ಎಂದು ಇವರು ಮೇಲಿನಿಂದಲೇ ಕೂಗಿದರು. ಹದಿನೈದು ದಿನ ಅದೇ ಸೇವೆ ನಡೆಯಿತು. ದೇವಸ್ಥಾನಕ್ಕೆ ಹೋಗುವ ಮೊದಲು ನವಿಲಿನ ಪಾಳಿ.

ಅಕ್ಕ ಫೆಬ್ರವರಿಯಲ್ಲಿ ಬಂದರು. ಪೆಟ್ಟಿಗೆ ಬಿಚ್ಚುವ ಮೊದಲು ಹಿತ್ತಲಿಗೆ ನಡೆದರು. ಒಣಗುತ್ತಿದ್ದ ಬಳ್ಳಿಗಳ ನಡುವೆ ಹಸಿರು, ಹಳದಿ ಪಟ್ಟೆಯ ಸೌತೆಗಳು ಎಲ್ಲೆಂದರಲ್ಲಿ ಬಿದ್ದಿದ್ದವು. ಅವರು ಸೊಂಟದ ಮೇಲೆ ಕೈ ಇಟ್ಟು ನಿಂತೇ ಬಿಟ್ಟರು.

"ಯಾ ಅಲ್ಲಾ! ನಾನು ಇದ್ದಿದ್ದರೆ ಇಷ್ಟು ಆಗ್ತಿರಲಿಲ್ಲ ಟೀಚರೇ."

ಆರು ಹೋದ ಕಥೆ ಹೇಳಿದೆ. ಜಾಗಟೆಯ ಮಾತು ಬಂದಾಗ ಅವರು ನಗುತ್ತ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟರು.

ಆ ಮಧ್ಯಾಹ್ನ ಇಬ್ಬರೂ ಸೇರಿ ಕೊಯ್ದೆವು. ಬಾಳೆನಾರಿನಲ್ಲಿ ಒಂದೊಂದನ್ನೇ ಹೆಣೆದು ಛಾವಣಿಗೆ ತೂಗುಹಾಕಿ ತಿಂಗಳುಗಟ್ಟಲೆ ಕೆಡದಂತೆ ಇಡುವುದನ್ನು ಅವರು ಕಲಿಸಿಕೊಟ್ಟರು. ಅರ್ಧ ಅವರ ಮನೆಯಲ್ಲಿ, ಅರ್ಧ ನಮ್ಮಲ್ಲಿ. ಅವರು ಒಣ ಸಿಗಡಿ ಹಾಕಿ ಪದಾರ್ಥ ಮಾಡುತ್ತಾರೆ, ನಾವು ತೊಗರಿಬೇಳೆ ಹಾಕಿ ಹುಳಿ. ಜುಲೈಯ ಜಡಿಮಳೆಯಲ್ಲೂ ಊಟಕ್ಕೆ ಅದೇ ಸೌತೆ ಇತ್ತು.